ಪಕ್ಕದ ಮನೆಯ ಕಿಟಕಿ, ಹಿತ್ತಲ ಕೋಳಿಗೂಡು

ಹಿತ್ತಲಲ್ಲಿ ಕೋಳಿ ಸಾಕಿದವರ ಬಗ್ಗೆ ಅಕ್ಕಪಕ್ಕದವರು ಹೇಳುವ ದೂರುಗಳು ಊರು ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ನಾತ, ನೊಣ, ಬೆಳಗಿನ ಜಾವದ ಕೂಗು, ಅಂಗಳಕ್ಕೆ ನುಗ್ಗಿ ಗಿಡ ಕೆದರುವುದು, ಇಲಿ, ಇಲಿಯ ಬೆನ್ನುಹತ್ತಿ ಬರುವ ಹಾವು. ಈಚಿನ ವರ್ಷಗಳಲ್ಲಿ ಹಕ್ಕಿಜ್ವರದ ಭಯವೂ ಸೇರಿಕೊಂಡಿದೆ. ಇವು ಒಂದೊಂದಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಆದರೆ ದೂರು ಬರುವಾಗ ಎಲ್ಲವೂ ಕಲಸಿಕೊಂಡು "ನಿಮ್ಮ ಕೋಳಿಗಳಿಂದ ಸಾಕಾಗಿಹೋಗಿದೆ" ಎಂಬ ಒಂದೇ ಮಾತಾಗಿ ಬರುತ್ತದೆ. ಆ ಮಾತಿಗೆ ಉತ್ತರ ಕೊಡಲು ಹೋದರೆ ಜಗಳ ಹುಟ್ಟುತ್ತದೆ. ಅದರೊಳಗೆ ಇರುವುದು ಯಾವ ದೂರು ಎಂದು ಬಿಡಿಸಿ ನೋಡಿದರೆ ಮಾಡಬೇಕಾದ ಕೆಲಸ ಕಾಣುತ್ತದೆ.

ಹಳ್ಳಿಯಲ್ಲಿ ಈ ದೂರು ಅಪರೂಪವಾಗಿತ್ತು. ಅಲ್ಲಿ ಹಿತ್ತಲಿಗೆ ವಿಸ್ತಾರವಿತ್ತು, ಎಲ್ಲರ ಮನೆಯಲ್ಲೂ ದನದ ಕೊಟ್ಟಿಗೆ, ತಿಪ್ಪೆ ಇದ್ದವು. ಹಗಲೆಲ್ಲ ಊರು ಸುತ್ತುವ ಕೋಳಿಗಳ ಹಿಕ್ಕೆ ಒಂದೇ ಕಡೆ ಬೀಳುತ್ತಿರಲಿಲ್ಲ, ಸಂಜೆ ಮಂಕರಿ ಕವುಚಿದರೆ ಕೆಲಸ ಮುಗಿಯುತ್ತಿತ್ತು. ಈಗ ಕೋಳಿ ಸಾಕುವ ಆಸೆ ಬಡಾವಣೆಗಳಿಗೆ ಬಂದಿದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹಿಂದೆ ಉಳಿಯುವುದು ಮೂರು ನಾಲ್ಕು ಅಡಿ ಜಾಗ. ಕಾಂಪೌಂಡಿನ ಆಚೆ ಅಷ್ಟೇ ದೂರದಲ್ಲಿ ಪಕ್ಕದವರ ಅಡುಗೆಮನೆ ಕಿಟಕಿ ಅಥವಾ ಮಲಗುವ ಕೋಣೆ. ಕೋಳಿಯ ಸುಖ ಈಚೆ ಮನೆಗೆ, ವಾಸನೆ ಆಚೆ ಮನೆಗೆ ಎಂಬ ಲೆಕ್ಕ ಯಾರಿಗೂ ಒಪ್ಪಿಗೆಯಾಗುವಂಥದ್ದಲ್ಲ. ಆದ್ದರಿಂದ ತೊಂದರೆ ಸರಿಪಡಿಸುವ ಮೊದಲ ಹೊಣೆ ಸಾಕಿದವರದೇ. ಪಕ್ಕದವರು ಸ್ವಲ್ಪ ಹೆಚ್ಚಿಸಿ ಹೇಳುತ್ತಿದ್ದಾರೆ ಅನ್ನಿಸಿದಾಗಲೂ ಅದು ಬದಲಾಗುವುದಿಲ್ಲ.

ದೂರುಗಳಲ್ಲಿ ಮೊದಲನೆಯದು, ಹೆಚ್ಚಿನ ಕಡೆ ಉಳಿದವುಗಳಿಗೂ ಮೂಲವಾದದ್ದು ವಾಸನೆ. ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಹತ್ತು ಕೋಳಿ ಇದ್ದರೆ ದಿನಕ್ಕೆ ಒಂದು ಕಿಲೋಗೂ ಮೇಲೆ, ತಿಂಗಳಿಗೆ 30 ಕಿಲೋಗೂ ಮೇಲೆ. ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುವ ಭಾಗವೇ ಅದರ ಮೂತ್ರ, ಅಂದರೆ ಯೂರಿಕ್ ಆಮ್ಲ. ತೇವವೂ ಬಿಸಿಯೂ ಸಿಕ್ಕಾಗ ಬ್ಯಾಕ್ಟೀರಿಯಾಗಳು ಈ ಯೂರಿಕ್ ಆಮ್ಲವನ್ನು ಒಡೆಯುತ್ತವೆ, ಆಗ ಅಮೋನಿಯ ಹೊರಬರುತ್ತದೆ. ಕಣ್ಣು ಉರಿಸುವ, ಮೂಗು ಸೇರಿ ತಲೆಗೆ ಹತ್ತುವ ಆ ಘಾಟು ಅದೇ. ಹಿಕ್ಕೆ ಒಣಗಿಬಿಟ್ಟರೆ ಈ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಅಂದಮೇಲೆ ಗೂಡು ನಾರಲು ಕೋಳಿಯ ಸಂಖ್ಯೆಗಿಂತ ನೆಲದ ತೇವವೇ ಹೆಚ್ಚು ಕಾರಣ. ಒದ್ದೆ ನೆಲದ ಮೇಲಿನ ಮೂರು ಕೋಳಿ, ಒಣ ಹೊಟ್ಟಿನ ಮೇಲಿನ ಹತ್ತು ಕೋಳಿಗಿಂತ ಹೆಚ್ಚು ನಾತ ಹುಟ್ಟಿಸಬಲ್ಲವು.

ದಿನವೂ ಗೂಡಿಗೆ ಹೋಗಿಬರುವವರಿಗೆ ಈ ನಾತ ತಿಳಿಯುವುದಿಲ್ಲ, ಅವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. "ನಮಗೇನೂ ವಾಸನೆ ಬರ್ತಿಲ್ಲವಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳುವ ಮಾತು ಪಕ್ಕದವರಿಗೆ ಉಡಾಫೆಯಂತೆ ಕೇಳಿಸಲು ಕಾರಣ ಇದು. ಸರಿಯಾಗಿ ಪರೀಕ್ಷಿಸಬೇಕಾದರೆ ನಾಲ್ಕಾರು ಗಂಟೆ ಹೊರಗೆ ಇದ್ದು ಬಂದ ಕೂಡಲೇ ಗೂಡಿನೊಳಗೆ ಕುಕ್ಕರುಗಾಲಿನಲ್ಲಿ ಕೂತು, ಕೋಳಿಯ ತಲೆಯ ಎತ್ತರದಲ್ಲಿ ಉಸಿರೆಳೆದು ನೋಡಬೇಕು. ಕಣ್ಣು ಚುರುಗುಟ್ಟಿದರೆ ಕೋಳಿಗೂ ಅದು ಹಾನಿಯೇ. ಸಾಕಣೆಯಲ್ಲಿ ಅಮೋನಿಯ ಹತ್ತು ಲಕ್ಷಕ್ಕೆ 25 ಭಾಗ ದಾಟಬಾರದು ಎಂಬ ನಿಯಮ ಇರುವುದು ಕೋಳಿಯ ಕಣ್ಣು, ಶ್ವಾಸನಾಳಗಳ ಸಲುವಾಗಿಯೇ.

ನೆಲದ ತೇವ ತಿಳಿಯಲು ಯಾವ ಯಂತ್ರವೂ ಬೇಡ. ಗೂಡಿನ ನೆಲಕ್ಕೆ ಹಾಸಿದ ಹೊಟ್ಟನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಚುಕಿ ಕೈ ಬಿಚ್ಚಬೇಕು. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ. ಸ್ವಲ್ಪ ಅಂಟಿಕೊಂಡು, ಬೆರಳು ತಾಗಿಸಿದ ಕೂಡಲೇ ಉದುರಿದರೆ ಸರಿಯಾಗಿದೆ. ಅಂಟಿಕೊಳ್ಳದೆ ದೂಳಾಗಿ ಹಾರಿದರೆ ತೀರಾ ಒಣಗಿದೆ. ಆಗ ವಾಸನೆಯ ಬದಲು ದೂಳಿನ ದೂರು ಬರುತ್ತದೆ, ಪಕ್ಕದ ಮನೆಯಲ್ಲಿ ಉಬ್ಬಸದವರಿದ್ದರೆ ಅದೂ ಸಣ್ಣದಲ್ಲ. ಈ ಪರೀಕ್ಷೆಯನ್ನು ಗೂಡಿನ ಮಧ್ಯದಲ್ಲಿ ಮಾಡಿದರೆ ಸಾಲದು. ನೀರಿನ ಬಟ್ಟಲಿನ ಸುತ್ತ ಮಾಡಬೇಕು. ಕೋಳಿ ನೀರು ಕುಡಿಯುವಾಗ ಕೊಕ್ಕು ಎತ್ತಿ ಚಿಮುಕಿಸುತ್ತದೆ, ಬಟ್ಟಲಿನ ಅಂಚಿಗೆ ಹತ್ತಿ ಮಗುಚುತ್ತದೆ. ಬಟ್ಟಲಿನ ಸುತ್ತ ಒಂದಡಿ ಜಾಗ ಕಪ್ಪಗೆ ಹೆಪ್ಪುಗಟ್ಟಿ, ಮೇಲೆ ಸಿಪ್ಪೆಯಂತೆ ಗಟ್ಟಿಯಾಗಿ, ಕಡ್ಡಿಯಿಂದ ಎಬ್ಬಿದರೆ ಅಡಿಯಲ್ಲಿ ಕೆಸರು ಕಾಣುತ್ತದೆ. ಗೂಡಿನ ನಾತದ ಬಹುಪಾಲು ಹುಟ್ಟುವುದು ಆ ಒಂದಡಿಯಲ್ಲಿ. ಬಟ್ಟಲನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಟ್ಟರೆ ಅಥವಾ ತೂಗುಹಾಕಿದರೆ, ಕೆಳಗೆ ಮರಳು ತುಂಬಿದ ತಟ್ಟೆ ಇಟ್ಟು ಎರಡು ದಿನಕ್ಕೊಮ್ಮೆ ಮರಳು ಬದಲಿಸಿದರೆ ಅಲ್ಲಿನ ಕೆಸರು ನಿಲ್ಲುತ್ತದೆ.

ಉಳಿದ ನೆಲಕ್ಕೆ ನಾಲ್ಕರಿಂದ ಆರು ಇಂಚು ದಪ್ಪದ ಹಾಸು ಬೇಕು. ಭತ್ತದ ಹೊಟ್ಟು ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದ ಕಡೆ ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಒಣಗಿದ ತರಗೆಲೆಯೂ ಆಗುತ್ತದೆ. ವಾರಕ್ಕೆ ಎರಡು ಸಲ ಕುಂಟೆಯಿಂದಲೋ ಕಡ್ಡಿಯಿಂದಲೋ ಅದನ್ನು ಮಗುಚಿಹಾಕಬೇಕು. ಸಂಜೆ ಒಂದು ಹಿಡಿ ರಾಗಿ ಎರಚಿದರೆ ಅರ್ಧ ಕೆಲಸವನ್ನು ಕೋಳಿಗಳೇ ಕೆದರಿ ಮಾಡುತ್ತವೆ. ರಾತ್ರಿ ಕೋಳಿಗಳು ಕೂರುವ ಗಳುವಿನ ಅಡಿಯಲ್ಲೇ ಹೆಚ್ಚು ಹಿಕ್ಕೆ ಬೀಳುವುದರಿಂದ ಅಲ್ಲಿ ಒಂದು ತಗಡು ಅಥವಾ ಹಳೆಯ ಗೋಣಿ ಹಾಸಿ ಬೆಳಿಗ್ಗೆ ಬೆಳಿಗ್ಗೆ ಎತ್ತಿ ಕೊಡವುವುದು ಐದು ನಿಮಿಷದ ಕೆಲಸ.

ಇಲ್ಲಿ ಒಳ್ಳೆಯ ಉದ್ದೇಶದಿಂದಲೇ ಎರಡು ತಪ್ಪು ನಡೆಯುತ್ತವೆ. ದೂರು ಬಂದ ತಕ್ಷಣ ಪೈಪು ಹಿಡಿದು ಗೂಡು ತೊಳೆಯುವುದು ಮೊದಲನೆಯದು. ನೀರು ಬಿದ್ದ ಹಿಕ್ಕೆ ಮರುದಿನದ ಬಿಸಿಲಿಗೆ ಹಿಂದಿಗಿಂತ ಹೆಚ್ಚು ನಾರುತ್ತದೆ, ತೊಳೆದ ನೀರು ಚರಂಡಿಗೆ ಹೋಗಿ ಅಲ್ಲಿ ಇನ್ನೊಂದು ದೂರು ಹುಟ್ಟಿಸುತ್ತದೆ. ಒದ್ದೆಯಾದ ಹಾಸಿನ ಮೇಲೆ ಸುಣ್ಣ ಸುರಿಯುವುದು ಎರಡನೆಯದು. ಸುಣ್ಣ ಹಾಸನ್ನು ಕ್ಷಾರವಾಗಿಸುವುದರಿಂದ ಒಳಗಿದ್ದ ಅಮೋನಿಯ ಒಮ್ಮೆಗೇ ಹೊರಗೆದ್ದು ಬರುತ್ತದೆ. ಒದ್ದೆ ಭಾಗವನ್ನು ಪೂರ್ತಿ ತೆಗೆದು, ನೆಲ ಒಣಗಿದ ಮೇಲೆ ಸುಣ್ಣ ಹಾಕಿ, ಅದರ ಮೇಲೆ ಹೊಸ ಹೊಟ್ಟು ಹರಡುವುದು ಸರಿಯಾದ ಕ್ರಮ.

ಮಳೆಗಾಲದಲ್ಲಿ ಇದೆಲ್ಲ ಕಷ್ಟವಾಗುತ್ತದೆ. ಭಾರಿ ಮಳೆ ಸುರಿಯುವ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸು ತಾನಾಗಿ ಒಣಗುವುದಿಲ್ಲ. ಅಲ್ಲಿ ಗೂಡಿನ ಮಾಡು ಗೋಡೆಗಿಂತ ಎರಡು ಮೂರು ಅಡಿ ಹೊರಗೆ ಚಾಚಿರಬೇಕು, ನೆಲ ಸುತ್ತಲಿನ ಮಟ್ಟಕ್ಕಿಂತ ಒಂದಡಿ ಎತ್ತರ ಇರಬೇಕು, ಒಂದು ಮೂಟೆ ಒಣ ಹೊಟ್ಟು ಮಳೆಗೆ ಮೊದಲೇ ಅಟ್ಟಕ್ಕೆ ಸೇರಿರಬೇಕು. ಗಾಳಿಯ ದಿಕ್ಕನ್ನೂ ಗಮನಿಸಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ, ಹಾಗಾಗಿ ಗೂಡಿನ ಪೂರ್ವದ ಮನೆಯವರಿಗೆ ಹೆಚ್ಚು ನಾತ ಬಡಿಯುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದವರು ಜುಲೈನಲ್ಲಿ ದೂರು ತಂದರೆ ಅದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಗೂಡಿನಿಂದ ತೆಗೆದ ಹಾಸನ್ನು ಏನು ಮಾಡುವುದು ಎಂಬುದರ ಮೇಲೂ ದೂರು ನಿಂತಿದೆ. ಅದನ್ನು ಕಾಂಪೌಂಡಿನ ಮೂಲೆಗೆ ರಾಶಿ ಹಾಕಿದರೆ ಗೂಡು ಎಷ್ಟು ಚೊಕ್ಕವಿದ್ದರೂ ಪ್ರಯೋಜನವಿಲ್ಲ. ಕೋಳಿಗೊಬ್ಬರದಲ್ಲಿ ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಗೊಬ್ಬರ ನಾರದೆ ಕಳಿಯಬೇಕಾದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು. ಅದಕ್ಕಾಗಿಯೇ ಒಂದು ಪುಟ್ಟಿ ಹಿಕ್ಕೆಗೆ ಎರಡು ಮೂರು ಪುಟ್ಟಿ ತರಗೆಲೆ, ತೆಂಗಿನ ನಾರಿನ ಪುಡಿ ಅಥವಾ ಒಣಹುಲ್ಲು ಬೆರೆಸಿ, ಮುಚ್ಚಳವಿರುವ ಡ್ರಮ್ಮಿನಲ್ಲಿಯೋ ಹೆಂಚು ಹೊದಿಸಿದ ಗುಂಡಿಯಲ್ಲಿಯೋ ಕಳಿಯಲು ಬಿಡಬೇಕು. ಎರಡು ಮೂರು ತಿಂಗಳಲ್ಲಿ ಅದು ಮಣ್ಣಿನ ವಾಸನೆ ಬರುವ ಗೊಬ್ಬರವಾಗುತ್ತದೆ. ಹಸಿ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ನೊಣದ ದೂರು ವಾಸನೆಯ ದೂರಿನ ತಮ್ಮನಿದ್ದಂತೆ. ಮನೆನೊಣ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ನಮ್ಮ ಸೆಖೆಯಲ್ಲಿ ಮೊಟ್ಟೆಯಿಂದ ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಒಣಗಿದ ಹಿಕ್ಕೆಯಲ್ಲಿ ಅದರ ಹುಳು ಬದುಕುವುದಿಲ್ಲ. ಹೀಗಾಗಿ ಒದ್ದೆ ಭಾಗವನ್ನು ನಾಲ್ಕೈದು ದಿನಕ್ಕೊಮ್ಮೆ ತೆಗೆದರೂ ನೊಣದ ಸಂತತಿ ಮಧ್ಯದಲ್ಲೇ ಕಡಿಯುತ್ತದೆ, ಔಷಧಿ ಸಿಂಪಡಿಸುವ ಪ್ರಮೇಯ ಬರುವುದಿಲ್ಲ. ಕೋಳಿಗಳಿರುವ ಜಾಗದಲ್ಲಿ ಕೀಟನಾಶಕ ಹೊಡೆಯಲೂಬಾರದು, ಸತ್ತ ಹುಳುವನ್ನು ಅವು ಹೆಕ್ಕಿ ತಿನ್ನುತ್ತವೆ. ನೊಣ ನಿಜವಾಗಿ ಗೂಡಿನಿಂದಲೇ ಬರುತ್ತಿದೆಯೇ ಎಂದು ನೋಡುವುದೂ ಸುಲಭ. ನೀರಿನ ಬಟ್ಟಲಿನ ಸುತ್ತ, ಗಳುವಿನ ಅಡಿ, ಗೊಬ್ಬರದ ರಾಶಿಯ ಅಂಚಿನಲ್ಲಿ ಕೆದಕಿದಾಗ ಬಿಳಿ ಹುಳು ಕಾಣದಿದ್ದರೆ ನೊಣ ಹುಟ್ಟುತ್ತಿರುವುದು ಬೇರೆಲ್ಲೋ, ತೆರೆದ ಚರಂಡಿಯಲ್ಲೋ ಬೀದಿಯ ಕಸದ ರಾಶಿಯಲ್ಲೋ ಇರಬಹುದು. ಪಕ್ಕದವರನ್ನೇ ಕರೆದು ಇದನ್ನು ತೋರಿಸುವುದು ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಮೇಲು.

ಶಬ್ದದ ವಿಷಯದಲ್ಲಿ ಹೇಟೆಗೂ ಹುಂಜಕ್ಕೂ ಅಜಗಜಾಂತರ. ಹೇಟೆ ಮೊಟ್ಟೆಯಿಟ್ಟ ಮೇಲೆ ಕೆಲವು ನಿಮಿಷ ಗದ್ದಲ ಮಾಡುತ್ತದೆ. ಅದರ ಜೋರು ಇಬ್ಬರು ಮಾತಾಡುವಷ್ಟೇ, ಅದೂ ಹಗಲಿನಲ್ಲಿ. ಕತ್ತಲಾದರೆ ಹೇಟೆಯ ಸದ್ದಿಲ್ಲ. ಹುಂಜ ಹಾಗಲ್ಲ. ಹತ್ತಿರ ನಿಂತವರಿಗೆ ಅದರ ಕೂಗು 90 ಡೆಸಿಬಲ್ ದಾಟುತ್ತದೆ. ಬೆಳಕು ಕಂಡಾಗ ಕೂಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಹುಂಜಗಳನ್ನು ಹಗಲುರಾತ್ರಿ ಒಂದೇ ಮಂದ ಬೆಳಕಿನಲ್ಲಿಟ್ಟು ನೋಡಿದಾಗಲೂ ಅವು ಸುಮಾರು ಒಂದೇ ಹೊತ್ತಿಗೆ ಕೂಗಿದವು. ಹೊತ್ತು ತಿಳಿಸುವುದು ಅದರ ದೇಹದೊಳಗಿನ ಗಡಿಯಾರ. ಅದರ ಜೊತೆಗೆ ಬೀದಿದೀಪ, ವಾಹನದ ಬೆಳಕು, ದೂರದ ಇನ್ನೊಂದು ಹುಂಜದ ಕೂಗು ಇವೂ ಪ್ರಚೋದಿಸುತ್ತವೆ. ಹಲವು ಹುಂಜಗಳಿದ್ದರೆ ಗುಂಪಿನಲ್ಲಿ ಮೇಲುಗೈಯಾದದ್ದು ಮೊದಲು ಕೂಗುತ್ತದೆ, ಉಳಿದವು ಹಿಂದೆಯೇ ಶುರುಮಾಡುತ್ತವೆ ಎಂದು ಅದೇ ತಂಡ 2015ರಲ್ಲಿ ತೋರಿಸಿತು. ಗೂಡಿಗೆ ಕಪ್ಪು ಪರದೆ ಹಾಕಿದರೆ ಕೂಗು ಸ್ವಲ್ಪ ತಗ್ಗೀತು, ತಡವಾದೀತು, ನಿಲ್ಲುವುದಿಲ್ಲ. ಕತ್ತಿಗೆ ಪಟ್ಟಿ ಬಿಗಿದು ಕೂಗು ಅಡಗಿಸುವ ಉಪಾಯವೊಂದು ಚಲಾವಣೆಯಲ್ಲಿದೆ. ಉಸಿರುಗಟ್ಟಿ ಸಾಯುವ ಅಪಾಯವಿರುವ ಆ ಹಿಂಸೆ ಯಾರಿಗೂ ಬೇಡ.

ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಹುಂಜ ಸಾಕಬಾರದು. ಮೊಟ್ಟೆಗೆ ಹುಂಜ ಬೇಕೇ ಬೇಕು ಎಂದು ಇನ್ನೂ ಅನೇಕರು ತಿಳಿದಿದ್ದಾರೆ. ಹುಂಜವಿಲ್ಲದಿದ್ದರೂ ಹೇಟೆ ಅಷ್ಟೇ ಮೊಟ್ಟೆಯಿಡುತ್ತದೆ, ಆ ಮೊಟ್ಟೆ ಮರಿಯಾಗುವುದಿಲ್ಲ ಅಷ್ಟೆ. ಮರಿ ಬೇಕಾದವರು ಕಾವಿಗೆ ಕೂತ ಹೇಟೆಯ ಅಡಿಗೆ ಹಳ್ಳಿಯಿಂದ ತಂದ ಗಂಡುಕೂಡಿದ ಮೊಟ್ಟೆ ಇಡಬಹುದು. ಹುಂಜ ಬೇಡವೆಂದವರ ಹಿತ್ತಲಿಗೂ ಅದು ಬಂದು ಸೇರುವ ದಾರಿಗಳಿವೆ. ಬೀದಿಯಲ್ಲಿ ಬಣ್ಣ ಹಚ್ಚಿ ಮಾರುವ ಮರಿಗಳು ಬಹುತೇಕ ಮೊಟ್ಟೆಕೋಳಿ ಮರಿಕೇಂದ್ರಗಳು ಬೇಡವೆಂದು ಬೇರ್ಪಡಿಸಿದ ಗಂಡುಮರಿಗಳು. ಹೆಬ್ಬಾಳದ ಪಶುವೈದ್ಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರದಂಥ ತಳಿಗಳ ಮರಿಗಳನ್ನೂ ಸಾಮಾನ್ಯವಾಗಿ ಗಂಡು ಹೆಣ್ಣು ವಿಂಗಡಿಸದೆ ಕೊಡುವುದರಿಂದ ಹತ್ತು ತಂದರೆ ಅರ್ಧದಷ್ಟು ಹುಂಜವಾಗುತ್ತವೆ. ನಾಲ್ಕೈದು ತಿಂಗಳಿಗೆ ಕೂಗಲು ತೊಡಗುತ್ತವೆ. ಆ ಹೊತ್ತಿಗೆ ಅವು ಎಲ್ಲಿಗೆ ಹೋಗಬೇಕು ಎಂಬುದನ್ನು ಮರಿ ತರುವ ದಿನವೇ ಯೋಚಿಸಿರಬೇಕು. ತುಳುನಾಡಿನಲ್ಲಿ ದೈವಕ್ಕೆ ಹರಕೆಯ ಹುಂಜ ಬಿಡುವ ಮನೆಗಳ ಮಾತು ಬೇರೆ. ಅಲ್ಲಿ ನೆರೆಯವರೂ ಅದೇ ಕಟ್ಟಿನವರಾದ್ದರಿಂದ ಕೂಗಿಗೆ ದೂರು ಬರುವುದು ಕಡಿಮೆ. ಮಂಗಳೂರಿನ ಬಹುಮಹಡಿ ಕಟ್ಟಡದ ಬದಿಯಲ್ಲಿ ಅದೇ ಮನೆ ಇದ್ದರೆ ಆ ಒಪ್ಪಂದ ಉಳಿಯುವುದಿಲ್ಲ.

ಬೇಲಿ ದಾಟುವ ಕೋಳಿಯಿಂದ ಆಗುವ ನಷ್ಟವನ್ನು ಸಾಕಿದವರು ಯಾವಾಗಲೂ ಕಡಿಮೆಯಾಗಿ ಕಾಣುತ್ತಾರೆ. ಎರಡು ಕೋಳಿ ಅರ್ಧ ಗಂಟೆಯಲ್ಲಿ ಆಗತಾನೆ ಮೊಳೆತ ಕೊತ್ತಂಬರಿ ಮಡಿಯನ್ನು ಬೇರುಸಮೇತ ಕಿತ್ತುಹಾಕಬಲ್ಲವು. ಬೆಳಿಗ್ಗೆ ಗುಡಿಸಿ ಸಾರಿಸಿ ಇಟ್ಟ ರಂಗೋಲಿಯ ಮೇಲೆ ಹಿಕ್ಕೆ, ಬಿಸಿಲಿಗೆ ಹಾಕಿದ ಸಂಡಿಗೆಗೆ ಕೊಕ್ಕು. ಇಂಥವು ಸಣ್ಣವೆನಿಸಿದರೂ ದಿನವೂ ನಡೆದರೆ ಮಾತು ಬೆಳೆಯುತ್ತದೆ. ಐದಾರು ಅಡಿ ಎತ್ತರದ ಜಾಲರಿ ಹೆಚ್ಚಿನ ತಳಿಗಳನ್ನು ತಡೆಯುತ್ತದೆ. ಹಗುರ ಮೈಯ ನಾಟಿ ಕೋಳಿಗಳು ಅದನ್ನೂ ಹಾರುತ್ತವೆ, ಮರವನ್ನೂ ಏರುತ್ತವೆ. ಅವಕ್ಕೆ ಒಂದೇ ಕಡೆಯ ರೆಕ್ಕೆಯ ಉದ್ದ ಗರಿಗಳನ್ನು ಅರ್ಧಕ್ಕೆ ಕತ್ತರಿಸುವುದು ರೂಢಿ. ಎರಡು ಕಡೆಯ ತೂಕ ತಪ್ಪಿ ಕೋಳಿ ಎತ್ತರಕ್ಕೆ ಹಾರಲಾರದು. ಬಲಿತ ಗರಿಯಲ್ಲಿ ರಕ್ತ ಹರಿಯುವುದಿಲ್ಲವಾದ್ದರಿಂದ ನೋವಿಲ್ಲ. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು. ರಾತ್ರಿ ಉಳಿದ ಕಾಳು, ನುಚ್ಚು ಗೂಡಿನಲ್ಲೇ ಬಿಟ್ಟರೆ ಇಲಿ, ಹೆಗ್ಗಣ ಸೇರುತ್ತವೆ. ಇಲಿಗಾಗಿ ಕೇರೆಹಾವು, ನಾಗರಹಾವು ಬರುತ್ತವೆ. ಹಾವಿನ ದೂರು ಬಂದ ಮನೆಯಲ್ಲಿ ಮೊದಲು ನೋಡಬೇಕಾದದ್ದು ಮೇವಿನ ಡಬ್ಬಿ. ಒಂದು ಕೋಳಿಗೆ ದಿನಕ್ಕೆ ಬೇಕಾಗುವುದು 100ರಿಂದ 120 ಗ್ರಾಂ, ಅಷ್ಟನ್ನೇ ಹಾಕಿ, ಸಂಜೆ ತಟ್ಟೆ ಎತ್ತಿಡಬೇಕು. ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಬೇಕು, ದೊಡ್ಡ ಕಣ್ಣಿನ ಜಾಲರಿಯೊಳಗೆ ಇಲಿಯೂ ನುಗ್ಗುತ್ತದೆ, ಹಾವೂ ನುಗ್ಗುತ್ತದೆ.

ರೋಗದ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲೇ 2012ರಲ್ಲಿ ಹೆಸರಘಟ್ಟದಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ರೋಗ ದೃಢಪಟ್ಟ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಸಾಕುಹಕ್ಕಿಗಳನ್ನೆಲ್ಲ, ಹಿತ್ತಲ ಕೋಳಿಯನ್ನೂ ಬಿಡದೆ ಕೊಲ್ಲುವುದು ನಿಯಮ. ಹಾಗೆ ಕೊಂದವಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ, ಅದಕ್ಕೆ ಮೊದಲೇ ಸತ್ತವಕ್ಕೆ ಕೊಡುವುದಿಲ್ಲ. ಹಿತ್ತಲ ಕೋಳಿಗಳನ್ನು ಹೆಚ್ಚಾಗಿ ಕಾಡುವುದು ಕೊಕ್ಕರೆ ರೋಗ. ಅದಕ್ಕೆ ಲಸಿಕೆಯಿದೆ, ಮರಿಗೆ ಒಂದು ವಾರವಾದಾಗ ಒಮ್ಮೆ, ಎಂಟು ವಾರದ ಹೊತ್ತಿಗೆ ಇನ್ನೊಮ್ಮೆ ಹಾಕಿಸಬೇಕು. ಲಸಿಕೆ ಹಾಕಿಸಿದ ಚೀಟಿಯನ್ನು ಪಕ್ಕದವರಿಗೆ ತೋರಿಸುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ. ಒಂದೆರಡು ದಿನದಲ್ಲಿ ಸಾಲಾಗಿ ಕೋಳಿ ಸತ್ತರೆ ಮುಚ್ಚಿಡದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಸತ್ತ ಕೋಳಿಯನ್ನು ಚರಂಡಿಗೆ, ಖಾಲಿ ಸೈಟಿಗೆ ಎಸೆಯುವುದು ಅಪರಾಧಕ್ಕೆ ಸಮಾನ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ಕೆಲವು ದೂರುಗಳ ಅಡಿಯಲ್ಲಿ ಆಹಾರದ ವಿಷಯ ಇರುತ್ತದೆ. ಮಾಂಸ ತಿನ್ನದ ಮನೆಯವರಿಗೆ ಪಕ್ಕದಲ್ಲಿ ಕೋಳಿ ಇರುವುದೇ ಒಗ್ಗದಿರಬಹುದು. ಇನ್ನೊಬ್ಬರ ಊಟ ತನಗೆ ಒಪ್ಪಿಗೆಯಿಲ್ಲ ಎಂಬುದು ದೂರಿಗೆ ಆಧಾರವಾಗುವುದಿಲ್ಲ, ಅದಕ್ಕೆ ತಲೆಬಾಗಿ ಗೂಡು ಕೀಳಬೇಕಾಗಿಯೂ ಇಲ್ಲ. ಆದರೆ ಕಾಂಪೌಂಡಿನ ಬಳಿ ಎಲ್ಲರ ಕಣ್ಣೆದುರು ಕೋಳಿ ಕೊಯ್ಯುವುದು, ಪುಕ್ಕ ಬೀದಿಗೆ ಹಾರಿಬಿಡುವುದು, ಕರುಳನ್ನು ಬೀದಿನಾಯಿಗೆ ಎಸೆಯುವುದು ಬೇರೆಯೇ ಸಂಗತಿ. ಅದು ಮಾಂಸ ತಿನ್ನುವ ನೆರೆಯವರಿಗೂ ಹೇಸಿಗೆ ತರುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವ ನ್ಯಾಯ ಎರಡು ಕಡೆಯವರಿಗೂ ಇರಬೇಕು.

ದೂರು ಬಂದಾಗ ಮಾತು ಹೇಗಿರಬೇಕು ಎಂಬುದಕ್ಕೆ ದೊಡ್ಡ ಶಾಸ್ತ್ರವಿಲ್ಲ. "ಯಾವಾಗ ಜಾಸ್ತಿ ಬರುತ್ತೆ ಅಕ್ಕ, ಬೆಳಿಗ್ಗೆಯೋ ರಾತ್ರಿಯೋ? ಯಾವ ಕಿಟಕಿಗೆ?" ಎಂದು ಕೇಳಿ, ಆಚೆ ಮನೆಗೆ ಹೋಗಿ ಅದೇ ಕಿಟಕಿಯ ಬಳಿ ನಿಂತು ನೋಡಿದರೆ ಅರ್ಧ ಬಿಸಿ ಇಳಿಯುತ್ತದೆ. ಬೆಳಗಿನ ವಾಸನೆಗೆ ಗಳುವಿನ ಅಡಿಯ ಹಿಕ್ಕೆ ಕಾರಣ, ಮಧ್ಯಾಹ್ನದ್ದಕ್ಕೆ ಗೊಬ್ಬರದ ರಾಶಿ, ಮಳೆ ಬಂದ ಮರುದಿನದ್ದಕ್ಕೆ ಸೋರುವ ಮಾಡು. ಹೀಗೆ ಹೊತ್ತು ಗೊತ್ತಾದರೆ ಜಾಗವೂ ಗೊತ್ತಾಗುತ್ತದೆ. ಏನು ಸರಿಪಡಿಸುವುದು, ಎಷ್ಟು ದಿನದೊಳಗೆ ಎಂದು ಒಂದು ಗಡುವು ಹೇಳಿ, ಗಡುವು ಮುಗಿದ ದಿನ ತಾವೇ ಹೋಗಿ ಕೇಳಬೇಕು. ಕೆಲಸ ಮಾಡುವ ಮೊದಲೇ ಒಂದು ಡಜನ್ ಮೊಟ್ಟೆ ಕೊಟ್ಟು ಬಾಯಿ ಮುಚ್ಚಿಸಲು ನೋಡುವುದು ತಪ್ಪು. ಅದು ಲಂಚದಂತೆ ಕಾಣುತ್ತದೆ, ಮೊಟ್ಟೆ ಮುಟ್ಟದ ಮನೆಯಾದರೆ ಅವಮಾನವೂ ಆಗುತ್ತದೆ. ಗೂಡು ಸರಿಹೋದ ಮೇಲೆ ಕಳಿತ ಗೊಬ್ಬರದ ಒಂದು ಚೀಲ ಕೊಟ್ಟರೆ ಹೂಕುಂಡ ಇಟ್ಟವರು ಯಾರೂ ಬೇಡ ಎನ್ನುವುದಿಲ್ಲ. ದೂರು ಹೇಳುವವರಿಗೂ ಒಂದು ಮಾತು ಸಲ್ಲುತ್ತದೆ. ಬೀದಿಯಲ್ಲಿ ನಾಲ್ಕು ಜನರ ಎದುರು ಹೇಳಿದ ದೂರು ಮಾನದ ಪ್ರಶ್ನೆಯಾಗುತ್ತದೆ, ಮನೆಗೆ ಬಂದು ಹೇಳಿದ್ದು ಕೆಲಸವಾಗುತ್ತದೆ.

ಮಾತಿಗೆ ಬಗ್ಗದಾಗ ಕಾನೂನು ಬರುತ್ತದೆ. ಸಾರ್ವಜನಿಕ ಉಪದ್ರವ ಎಂದರೇನು ಎಂಬುದನ್ನು ಭಾರತೀಯ ನ್ಯಾಯ ಸಂಹಿತೆಯ 270ನೇ ಸೆಕ್ಷನ್ ಹೇಳುತ್ತದೆ, 292ನೇ ಸೆಕ್ಷನ್ ಅದಕ್ಕೆ ಒಂದು ಸಾವಿರ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಉಪದ್ರವವನ್ನು ತೆರವು ಮಾಡಿಸುವ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಆಗಿದೆ. ಉಪವಿಭಾಗಾಧಿಕಾರಿಯಂಥ ಕಾರ್ಯನಿರ್ವಾಹಕ ದಂಡಾಧಿಕಾರಿ ಮೊದಲು ಷರತ್ತಿನ ಆದೇಶ ಹೊರಡಿಸಿ, ಆಕ್ಷೇಪವಿದ್ದರೆ ಬಂದು ಹೇಳಲು ಅವಕಾಶ ಕೊಡಬೇಕು. ಈ ಸೆಕ್ಷನ್ ಇರುವುದು ಸುತ್ತಲಿನ ಜನಕ್ಕೆ ಆಗುವ ತೊಂದರೆಗೆ. ಒಂದೇ ಮನೆಗೆ ಆಗುವ ತೊಂದರೆಗೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳುವ ದಾರಿಯಿದೆ. "ನೀವು ಮನೆ ಕಟ್ಟುವ ಮೊದಲಿಂದಲೂ ನಮ್ಮ ಕೋಳಿಗಳು ಇಲ್ಲೇ ಇವೆ" ಎಂಬ ವಾದ ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಅವುಗಳ ಲೆಕ್ಕದಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಹುಂಜ ಕೂಗುವುದು ಆ ಅವಧಿಯೊಳಗೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಳಿಫಾರಂ ಮಾರ್ಗಸೂಚಿಗಳು ಸಾವಿರಾರು ಹಕ್ಕಿಗಳ ಫಾರಂಗಳಿಗೆ ಮಾತ್ರ. ಅವುಗಳನ್ನು ಮುಂದಿಟ್ಟು ಹಿತ್ತಲ ಆರು ಕೋಳಿಯನ್ನು ಎತ್ತಿಸಲಾಗದು. ನಗರಸಭೆ, ಪುರಸಭೆ, ಪಂಚಾಯಿತಿಗಳ ಉಪವಿಧಿಗಳು ಮಾತ್ರ ಊರಿಂದೂರಿಗೆ ಬೇರೆಯಾಗುತ್ತವೆ. ಬಾಡಿಗೆ ಕರಾರು, ಅಪಾರ್ಟ್‌ಮೆಂಟ್ ಸಂಘದ ನಿಯಮಗಳಲ್ಲೂ ಸಾಕುಪ್ರಾಣಿಗಳ ಬಗ್ಗೆ ಷರತ್ತು ಇರುತ್ತದೆ. ಗೂಡು ಕಟ್ಟುವ ಮೊದಲೇ ಇವನ್ನು ವಿಚಾರಿಸಬೇಕು. ಸಿಟ್ಟಿನಲ್ಲಿ ಪಕ್ಕದವರ ಕೋಳಿಗೆ ವಿಷ ಹಾಕಿದವರಿಗೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಐದು ವರ್ಷದವರೆಗೆ ಜೈಲು ಹೇಳುತ್ತದೆ ಎಂಬುದೂ ನೆನಪಿರಬೇಕು.

ಇಂಥ ಜಗಳ ಅಧಿಕಾರಿಯ ಮುಂದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದಲ್ಲೇ ಒಂದು ಉದಾಹರಣೆಯಿದೆ. ಪತ್ತನಂತಿಟ್ಟ ಜಿಲ್ಲೆಯ ಅಡೂರಿನಲ್ಲಿ ಹಿರಿಯರೊಬ್ಬರು ಪಕ್ಕದ ಮನೆಯ ಹುಂಜ ಬೆಳಗಿನ ಮೂರು ಗಂಟೆಗೆ ಕೂಗಿ ನಿದ್ದೆಗೆಡಿಸುತ್ತಿದೆ ಎಂದು ದೂರು ಕೊಟ್ಟರು. ಕೋಳಿಗೂಡು ಇದ್ದದ್ದು ಮನೆಯ ಮೇಲಂತಸ್ತಿನಲ್ಲಿ. 2025ರ ಫೆಬ್ರುವರಿಯಲ್ಲಿ ಅಲ್ಲಿನ ಕಂದಾಯ ವಿಭಾಗಾಧಿಕಾರಿ ಎರಡೂ ಕಡೆಯವರ ಮಾತು ಕೇಳಿ, ಸ್ಥಳ ಪರಿಶೀಲಿಸಿ, ಗೂಡನ್ನು 14 ದಿನದೊಳಗೆ ಜಾಗದ ದಕ್ಷಿಣ ಬದಿಗೆ ಸ್ಥಳಾಂತರಿಸುವಂತೆ ಆದೇಶಿಸಿದರು. ಕೋಳಿಯನ್ನೇ ತೆಗೆಯಿರಿ ಎನ್ನಲಿಲ್ಲ. ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮಾರಿಸ್ ಎಂಬ ಹುಂಜದ ಮೇಲೆ ರಜೆಗೆ ಬರುವ ನೆರೆಯವರು ಹೂಡಿದ ದಾವೆ 2019ರಲ್ಲಿ ಬಿದ್ದುಹೋಯಿತು, 2021ರಲ್ಲಿ ಆ ದೇಶ ಹಳ್ಳಿಗಳ ಸದ್ದು, ವಾಸನೆಗಳಿಗೆ ರಕ್ಷಣೆ ಕೊಡುವ ಕಾಯ್ದೆಯನ್ನೇ ತಂದಿತು. ಅದು ಹಳ್ಳಿಯ ಮಾತು. ನಮ್ಮ ಬಡಾವಣೆಗಳಿಗೆ ಹತ್ತಿರವಾದದ್ದು ಅಡೂರಿನ ತೀರ್ಮಾನ. ಅಲ್ಲಿ ಅಧಿಕಾರಿ ಮಾಡಿಸಿದ ಕೆಲಸ ಎರಡು ಮನೆಯವರು ಕೂತು ಮಾತಾಡಿದ್ದರೆ ಒಂದು ಭಾನುವಾರ ಆಗಿಬಿಡುತ್ತಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರೆ ಅಲ್ಲಿ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ದೂರು ನಿಲ್ಲದ ಜಾಗಗಳಿವೆ. ಬಿಸಿಲು ತಾಗದ, ಗಾಳಿಯಾಡದ, ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಕಟ್ಟಿದ ಗೂಡು ಎಷ್ಟು ಹೊಟ್ಟು ಹಾಕಿದರೂ ಒಣಗುವುದಿಲ್ಲ. ರಾತ್ರಿಯ ಗೂಡಿನಲ್ಲಿ ಒಂದು ಕೋಳಿಗೆ ಎರಡು ಚದರಡಿ, ಹಗಲು ಓಡಾಡಲು ಎಂಟು ಹತ್ತು ಚದರಡಿ ಸಿಗದ ಕಡೆ ಸಂಖ್ಯೆ ಇಳಿಸುವುದೊಂದೇ ದಾರಿ. ನಾಲ್ಕಕ್ಕೂ ಜಾಗ ಸಾಲದಿದ್ದರೆ ಕೋಳಿಗಳನ್ನು ಹಳ್ಳಿಯ ನೆಂಟರ ಹಿತ್ತಲಿಗೆ ಕೊಟ್ಟುಬಿಡುವುದು ಕೋಳಿಗೂ ನೆರೆಯವರಿಗೂ ಒಳ್ಳೆಯದು. ಜಾಗವಿದ್ದು ಸಾಕುವವರು ಮಾಡಿನ ಸೋರಿಕೆ ಮುಚ್ಚುವುದು, ನೆಲ ಎತ್ತರಿಸುವುದು, ಹೊಟ್ಟಿನ ಮೂಟೆ ತಂದಿಡುವುದು ಇವೆಲ್ಲವನ್ನೂ ಮೇ ತಿಂಗಳು ಮುಗಿಯುವುದರೊಳಗೆ ಮಾಡಿಕೊಳ್ಳಲಿ.